ನೋಡಿದ್ದೇನೆ ಎಂದು ಬರೆಸಿದವರು

ನಮ್ಮ ಬೀದಿಯಲ್ಲಿ ಅವರ ಹೆಸರಿಟ್ಟುಕೊಂಡ ಮೂವರು ಹೆಣ್ಣುಮಕ್ಕಳಿದ್ದಾರೆ. ಮೂವರ ಹೆರಿಗೆಯನ್ನೂ ಮಾಡಿಸಿದವರು ಅವರೇ. ಆ ಹೆಸರನ್ನು ಇಲ್ಲಿ ಬರೆದರೆ ಪಾಪ, ಆ ಮಕ್ಕಳನ್ನು ಎಳೆದು ತಂದಂತಾಗುತ್ತದೆ, ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಮೇಡಂ ಅಂದರೆ ಅವರು, ಅಷ್ಟೆ. ಬನಶಂಕರಿಯ ಆಟೋದವರಿಗೂ ‘ಮೇಡಂ ಕ್ಲಿನಿಕ್’ ಎಂದರೆ ಸಾಕಿತ್ತು.

ಕಳೆದ ತಿಂಗಳು ಬಡಾವಣೆಯ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ಮೇಡಂ ಪ್ರಾಕ್ಟೀಸ್ ನಿಲ್ಲಿಸುತ್ತಿದ್ದಾರೆ, ಅವರಿಗೊಂದು ಸನ್ಮಾನ, ಜೊತೆಗೆ ಒಂದು ಪುಟ್ಟ ನೆನಪಿನ ಸಂಚಿಕೆ.

"ಹನ್ನೊಂದು ವರ್ಷ ಅವರ ಪಕ್ಕದಲ್ಲೇ ಕೂತವರು ನೀವು. ನಿಮ್ಮಷ್ಟು ಹತ್ತಿರದಿಂದ ಯಾರಮ್ಮ ನೋಡಿದ್ದಾರೆ? ಎರಡು ಪೇಜ್ ಬರ್ಕೊಡಿ ಸಾಕು" ಎಂದರು.

ಆಗಲಿ ಅಂದೆ. ಕೂತು ಬರೆದೆ. ಎರಡು ಪುಟಕ್ಕೆ ನಿಲ್ಲಲಿಲ್ಲ. ಬರೆದದ್ದು ಇದು. ಇದನ್ನು ಸಂಚಿಕೆಗೆ ಕೊಡಲಾರೆ.

ಕುಳ್ಳಗೆ, ದುಂಡಗೆ ಇದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಅದರ ಮೇಲೆ ತೋಳಿಲ್ಲದ ಬಿಳಿ ಕೋಟು. ಕೈ ತೊಳೆಯುವುದನ್ನು ನೋಡುತ್ತ ನಿಲ್ಲಬೇಕು ಅನ್ನಿಸುತ್ತಿತ್ತು. ಮೊಣಕೈವರೆಗೂ ಸೋಪು ಹಚ್ಚಿ, ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒರೆಸಿಕೊಳ್ಳುತ್ತಿದ್ದರು, ಉಂಗುರ ತೊಡಿಸುವವರ ಹಾಗೆ. ಧ್ವನಿ ಮಾತ್ರ ಆ ದೇಹಕ್ಕೆ ಹೊಂದದಷ್ಟು ದೊಡ್ಡದು. ಒಳಗೆ ಪಿಸುಗುಟ್ಟಿದರೂ ಹೊರಗೆ ಚಪ್ಪಲಿ ಬಿಡುವ ಜಾಗದವರೆಗೆ ಕೇಳುತ್ತಿತ್ತು.

ಹೆಂಡತಿಯ ಬದಲಿಗೆ ತಾವೇ ಉತ್ತರ ಹೇಳುವ ಗಂಡಂದಿರನ್ನು ಕಂಡರೆ ಅವರಿಗೆ ಆಗದು. ಒಮ್ಮೆ ಒಬ್ಬರು ಬಾಗಿಲಲ್ಲೇ ನಿಂತು, "ಇವಳಿಗೆ ಹದಿನೈದು ದಿನದಿಂದ ತುರಿಕೆ ಮೇಡಂ, ಉರಿ ಬೇರೆ" ಎಂದು ಶುರು ಮಾಡಿದರು.

"ತುರಿಕೆ ನಿಮಗಾ, ಅವರಿಗಾ?"

"ಅವಳಿಗೇ ಮೇಡಂ."

"ಹಾಗಾದ್ರೆ ನೀವು ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ. ಬರೋವಾಗ ಅವರಿಗೂ ಒಂದು ಎಳನೀರು ತನ್ನಿ."

ಕಾಯುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಮನುಷ್ಯ ನಿಜಕ್ಕೂ ಎಳನೀರು ತಂದ.

ನಾನು ಅಲ್ಲಿ ಸೇರಿದ್ದು ಅಮ್ಮನ ದೆಸೆಯಿಂದ. ಅಮ್ಮ ಅವರ ಹಳೆಯ ಪೇಷೆಂಟು. ನಮ್ಮದು ಹೊಸಕೆರೆಹಳ್ಳಿ. ಒಂದು ಕಾಲಕ್ಕೆ ಕೆರೆಯ ಪಕ್ಕದ ತುಂಡು ಹೊಲದಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದ ಮನೆ. ಈಗ ಹೊಲ ಸೈಟುಗಳಾಗಿ, ನಮ್ಮ ಪಾಲಿನ ಸೈಟಿನಲ್ಲಿ ಮನೆ ಎದ್ದು, ಮೇಲಿನ ಮೂರು ಪೋರ್ಷನ್ ಬಾಡಿಗೆಗೆ ಕೊಟ್ಟಿದ್ದೇವೆ. ಬಿಎಸ್ಸಿ ಮೈಕ್ರೋಬಯಾಲಜಿ ಮುಗಿಸಿ ನಾನು ಮನೆಯಲ್ಲಿ ಕೂತಿದ್ದೆ. ಅಮ್ಮ ಏನು ಹೇಳಿಕೊಂಡಳೋ, ಮೇಡಂ ಬರಹೇಳಿದರು.

"ಮೈಕ್ರೋಸ್ಕೋಪ್ ನೋಡಕ್ಕೆ ಬರುತ್ತೇನಮ್ಮ?"

ಬರುತ್ತೆ ಅಂದೆ. ಒಂದು ಸ್ಲೈಡ್ ಇಟ್ಟರು. "ಏನು ಕಾಣುತ್ತೆ? ಪುಸ್ತಕದ ಹೆಸರು ಬೇಡ. ಕಂಡಿದ್ದು ಹೇಳು."

"ಬಿದಿರು ಕಡ್ಡಿ ಥರ ಇದೆ ಮೇಡಂ, ಗೆಣ್ಣು ಗೆಣ್ಣು. ಪಕ್ಕದಲ್ಲಿ ಸಣ್ಣ ಮೊಗ್ಗು."

"ಅದೇ ಯೀಸ್ಟ್. ಬ್ರೆಡ್ ಉಬ್ಬಿಸೋದು ಇದರ ದಾಯಾದಿ. ನಾಳೆಯಿಂದ ಬಾ."

ಆಗಿನ ಮೇಡಂ ಬಗ್ಗೆ ಒಂದು ಮಾತನ್ನೂ ಹಿಂತೆಗೆದುಕೊಳ್ಳಲಾರೆ. ಅದೇ ನನ್ನ ಸಂಕಟ. ನೋಡುವುದು ಎಂದರೇನು ಎಂದು ನನಗೆ ಕಲಿಸಿದವರು ಅವರು. ನಾನು ಡಾಕ್ಟರಲ್ಲ, ಬರೆದುಕೊಳ್ಳುವವಳು. ಆದರೂ ಪ್ರತಿ ಸಾಲಿಗೂ ಅರ್ಥ ಹೇಳದೆ ಬರೆಸುತ್ತಿರಲಿಲ್ಲ. ಯೀಸ್ಟ್ ಆದಾಗ ಹೊರಗಿನ ಚರ್ಮ ಕೆಂಪಾಗಿ ಊದಿಕೊಂಡಿರುತ್ತದೆ. ತುರಿಸಿಕೊಂಡ ಗೀರುಗಳಿರುತ್ತವೆ. ಹಿಮ್ಮಡಿಯ ಚರ್ಮದಂತೆ, ಆದರೆ ಕೂದಲೆಳೆಯಷ್ಟು ತೆಳುವಾಗಿ, ಅಲ್ಲಲ್ಲಿ ಸೀಳಿರುತ್ತದೆ. ಮೂತ್ರ ತಾಗಿದರೆ ಉರಿಯುವುದು ಅದಕ್ಕೇ. ಒಳಗೆ, ಒಡೆದ ಮೊಸರಿನಂಥ ಗಟ್ಟಿ ಬಿಳುಪು ಗೋಡೆಗೆ ಅಂಟಿಕೊಂಡಿರುತ್ತದೆ, ಒರೆಸಿದರೆ ಕೆಳಗೆ ಕೆಂಪು. ಕೆಟ್ಟ ವಾಸನೆ ಇರುವುದಿಲ್ಲ. ಗರ್ಭಕಂಠ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

"ವಾಸನೆ ಇದ್ರೆ ಯೀಸ್ಟ್ ಅಂತ ಬರೀಬೇಡ. ನೀರು ನೀರಾಗಿದ್ರೆ ಬರೀಬೇಡ. ಮುಟ್ಟು ನಿಂತ ಮೇಲೆ, ಶುಗರ್ ಇಲ್ಲದವರು ಬಂದು ಬಿಳಿ ಹೋಗುತ್ತೆ ಅಂದ್ರೆ, ಎರಡು ಸಲ ನೋಡದೆ ಕಳಿಸಬಾರದು" ಎನ್ನುತ್ತಿದ್ದರು. "ಹೇಳೋದು ಅವರ ಕಷ್ಟ. ನೋಡೋದು ನಮ್ಮ ಕೆಲಸ."

ಬಿಟಿಎಂನಿಂದ ಒಬ್ಬ ಹುಡುಗಿ ಬಂದಿದ್ದಳು, ಯಾವುದೋ ಕಂಪನಿಯಲ್ಲಿ ಎಚ್‌ಆರ್. ಮೆಡಿಕಲ್ ಶಾಪಿನಲ್ಲಿ ತಾನೇ ಕೇಳಿ ಮೂರು ಸಲ ಯೀಸ್ಟಿನ ಕ್ರೀಮು ಹಚ್ಚಿದ್ದಳಂತೆ, ವಾಸಿಯಾಗಿಲ್ಲ. ಮೇಡಂ ಪರದೆಯ ಒಳಗೆ ಕರೆದುಕೊಂಡು ಹೋಗಿ ನೋಡಿದರು. ಕೆಂಪಿದೆ, ಮೊಸರಿಲ್ಲ, ಒಣಗಿ ಸುಟ್ಟಂತಿದೆ.

"ಇದು ಯೀಸ್ಟ್ ಅಲ್ಲಮ್ಮ. ಬಾತ್‌ರೂಮಿಗೆ ಹೊಸದಾಗಿ ಏನು ತಂದಿಟ್ಟಿದೀಯ?"

"ಒಂದು ವಾಶ್ ಮೇಡಂ. ಆನ್‌ಲೈನ್‌ನಲ್ಲಿ ತರಿಸಿದ್ದು. ರೋಸ್ ಸ್ಮೆಲ್ಲು."

"ಬಿಸಾಕು ತಗೊಂಡು ಹೋಗಿ. ಅದೇನು ಲಾಲ್‌ಬಾಗಾ?"

ಅವಳು ನಗುತ್ತಲೇ ಹೊರಗೆ ಬಂದಳು. ವಾರದಲ್ಲಿ ಗುಣವಾಯಿತು. ನೋಡಿದ್ದರಿಂದ ಗುಣವಾಯಿತು.

ಆ ಪರದೆಯ ವಿಷಯ ಹೇಳಬೇಕು. ಹಸಿರು ಬಟ್ಟೆಯದು. ಒಳಗೆ ಮಂಚ, ಕುತ್ತಿಗೆ ಬಗ್ಗಿಸುವ ಲೈಟು, ಮೇಡಂ, ಪೇಷೆಂಟು. ಮೂರನೆಯವರಿಗೆ ಪ್ರವೇಶವಿಲ್ಲ. ನಾನೂ ಹೋಗುವಂತಿರಲಿಲ್ಲ. "ಒಂದು ಜೊತೆ ಕಣ್ಣಿಗೆ ತೋರಿಸೋದೇ ಅವರಿಗೆ ಸಾಕಾಗಿರುತ್ತೆ" ಎನ್ನುತ್ತಿದ್ದರು. ಒಳಗೆ ನೋಡುವ ಸ್ಟೀಲಿನ ಉಪಕರಣವನ್ನು, ಕೊಕ್ಕಿನ ಹಾಗೆ ಬಾಯಿ ತೆರೆಯುವ ಸ್ಪೆಕ್ಯುಲಮ್ಮನ್ನು, ನಾನು ಕುದಿಸಿ ಟ್ರೇಯಲ್ಲಿಟ್ಟು ಪರದೆಯ ಕೆಳಗಿನಿಂದ ತಳ್ಳುತ್ತಿದ್ದೆ. ಆಮೇಲೆ ಈಚೆ ನನ್ನ ಮೇಜಿಗೆ ಬಂದು ಫೈಲು ಬಿಡಿಸಿ ಕೂರುತ್ತಿದ್ದೆ. ಲೈಟಿನ ಸ್ವಿಚ್ ಟಕ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ದೊಡ್ಡ ಧ್ವನಿ: "ಬರ್ಕೊಳಮ್ಮ. ವಲ್ವಾ ರೆಡ್, ಸ್ವೋಲನ್. ಥಿಕ್ ವೈಟ್ ಕರ್ಡಿ ಡಿಸ್ಚಾರ್ಜ್. ನೋ ಸ್ಮೆಲ್. ಸರ್ವಿಕ್ಸ್ ಹೆಲ್ದಿ." ಕೆಂಪು, ಊತ, ಮೊಸರಿನಂಥ ಬಿಳುಪು, ವಾಸನೆಯಿಲ್ಲ, ಗರ್ಭಕಂಠ ಸರಿಯಾಗಿದೆ. ನಾನು ಬರೆಯುತ್ತಿದ್ದೆ, ಅವರು ಗ್ಲೌಸ್ ತೆಗೆದು ಬಂದು ಸಹಿ ಹಾಕುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಫೈಲಿನಲ್ಲಿ ಬರೆಯುವುದು ಬೇಡ, ಮನೆಯವರ ಕಣ್ಣಿಗೆ ಬೀಳುತ್ತೆ ಎಂದು ಯಾರಾದರೂ ಕೇಳಿಕೊಂಡರೆ, ಅದನ್ನು ಮೇಡಂ ಒಂದು ಸಣ್ಣ ಕಾರ್ಡಿನಲ್ಲಿ ತಾವೇ ಬರೆದು ತಮ್ಮ ಡ್ರಾಯರಿನಲ್ಲಿ ಇಡುತ್ತಿದ್ದರು. ಆ ಡ್ರಾಯರಿಗೆ ಬೀಗ. ಮದುವೆಗೆ ಮುಂಚಿನ ಗರ್ಭಪಾತ, ಗಂಡನಿಂದ ಬಂದ ಕಾಯಿಲೆ, ಇಂಥವು. ಹೆಂಗಸರು ಅವರನ್ನು ನಂಬಿದ್ದು ಆ ಬೀಗವನ್ನು ನೋಡಿ. ನಾನೂ ಅಷ್ಟೆ.

ಕೊರೊನಾ ಬಂತು. ಒಂದು ವರ್ಷ ಎಲ್ಲ ಫೋನಿನಲ್ಲೇ ನಡೆಯಿತು. ಕ್ಲಿನಿಕ್ ಮತ್ತೆ ತೆರೆದಾಗ ಕೆಲವು ಬದಲಾವಣೆಗಳಾಗಿದ್ದವು. ಸ್ಟೀಲಿನ ಸ್ಪೆಕ್ಯುಲಮ್ ಕುದಿಸುವುದು ಬೇಡ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನದು ತರಿಸಿದ್ದೇನೆ ಎಂದು ಮಂಚದ ಕೆಳಗೆ ಒಂದು ಪೆಟ್ಟಿಗೆ ಇಡಿಸಿದರು. ಸ್ಲೈಡು ಬೇಡ, ಈಗೆಲ್ಲ ಲ್ಯಾಬಿನವರಿದ್ದಾರೆ ಎಂದರು. ಔಷಧಿ ಚೀಟಿಯನ್ನೂ ನನ್ನಿಂದಲೇ ಬರೆಸತೊಡಗಿದರು. ಸಹಿ ಮಾತ್ರ ಅವರದು. ಆ ಸಹಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಹೋಯಿತು, ಕೊನೆಗೆ ಇರುವೆ ಸಾಲಿನಷ್ಟಾಯಿತು. ಅವಸರ ಅಂದುಕೊಂಡೆ. ಮಾತಾಡುವಾಗ ಕೈಗಳನ್ನು ಕೋಟಿನ ಜೇಬಿನಿಂದ ತೆಗೆಯುತ್ತಿರಲಿಲ್ಲ. ವಯಸ್ಸಿನ ಗತ್ತು ಅಂದುಕೊಂಡೆ.

ಲೈಟು ಮಾತ್ರ ಮೊದಲಿನ ಹಾಗೇ ಟಕ್ ಎನ್ನುತ್ತಿತ್ತು. ಧ್ವನಿ ಮೊದಲಿನ ಹಾಗೇ ಬರುತ್ತಿತ್ತು. ನಾನು ಮೊದಲಿನ ಹಾಗೇ ಬರೆಯುತ್ತಿದ್ದೆ. ಹೊರಗೆ ಬಂದ ಹೆಂಗಸರ ಮುಖದಲ್ಲಿ ಮೊದಲಿಗಿಂತ ನಿರಾಳ. "ಎಷ್ಟು ಬೇಗ ಆಗೋಯ್ತು, ಗೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದರು. ಅದನ್ನೂ ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಅಮ್ಮನಿಗೆ ಐವತ್ತೆಂಟು. ಮುಟ್ಟು ನಿಂತು ಎಂಟು ವರ್ಷ. ಶುಗರ್ ಇಲ್ಲ. ಕಳೆದ ವರ್ಷ ಕೆಳಗೆ ತುರಿಕೆ ಎಂದಳು. ನಾನೇ ಕರೆದುಕೊಂಡು ಹೋದೆ. ಮೇಡಂ ಅವಳ ಭುಜ ತಬ್ಬಿ, "ಬಾರೇ ಹೊಸಕೆರೆಹಳ್ಳಿ ಸಾಹುಕಾರ್ತಿ" ಎಂದು ಒಳಗೆ ಕರೆದೊಯ್ದರು. ಟಕ್. "ಬರ್ಕೊಳಮ್ಮ." ಬರೆದುಕೊಂಡೆ. ಒಂದು ಮಾತ್ರೆ, ಒಳಗಿಡುವ ಔಷಧಿ ಆರು ದಿನಕ್ಕೆ. ನಾಲ್ಕು ತಿಂಗಳಿಗೆ ಮತ್ತೆ ಹೋದೆವು. ಮತ್ತೆ ಅದೇ ಸಾಲು, ಅದೇ ಔಷಧಿ.

ಆಮೇಲಾಮೇಲೆ ಅಮ್ಮ ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದಳು. ಸೋಫಾ ಬಿಟ್ಟು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಪಕ್ಕದ ಮನೆಯ ಗೃಹಪ್ರವೇಶಕ್ಕೆ ಹೋಗಲೇ ಇಲ್ಲ. ಕೇಳಿದರೆ, "ಏನೋ ನೀರು ನೀರಾಗಿ ಹೋಗ್ತಿದೆ ಕಣೇ, ವಾಸನೆ" ಎಂದು ಗೋಡೆಯ ಕಡೆ ತಿರುಗಿ ಹೇಳಿದಳು. ಮೂರನೇ ಸಲ ಹೋದೆವು. ಟಕ್. "ಬರ್ಕೊಳಮ್ಮ. ಥಿಕ್ ವೈಟ್ ಕರ್ಡಿ ಡಿಸ್ಚಾರ್ಜ್. ನೋ ಸ್ಮೆಲ್. ಸರ್ವಿಕ್ಸ್ ಹೆಲ್ದಿ."

ನೋ ಸ್ಮೆಲ್. ನನ್ನ ಪೆನ್ನು ಅಲ್ಲಿ ನಿಂತಿತು. ಹಿಂದಿನ ದಿನ ಅಮ್ಮನ ಸೀರೆಯನ್ನು ಬಕೆಟ್ಟಿಗೆ ಹಾಕಿದವಳು ನಾನೇ. ಒಂದು ಕ್ಷಣ ನಿಂತ ಪೆನ್ನು ಮುಂದೆ ಹೋಯಿತು. ನನ್ನ ಮೂಗಿಗಿಂತ ಅವರ ಕಣ್ಣು ದೊಡ್ಡದು ಎಂದು ಹನ್ನೊಂದು ವರ್ಷದಿಂದ ನಂಬಿದ್ದ ಕೈ ಅದು.

ಕ್ಲಿನಿಕ್ಕಿನಿಂದ ಬಸ್ ಸ್ಟಾಪಿಗೆ ನಡೆಯುವಾಗ ಅಮ್ಮ ಅಂದಳು: "ಮೇಡಂ ನೋಡ್ಲಿಲ್ಲ ಕಣೇ."

"ಏನು ನೋಡ್ಲಿಲ್ಲ?"

"ಅದೇ... ಲೈಟ್ ಹಾಕಿದ್ರು. ತಲೆ ಹತ್ರ ನಿಂತ್ಕೊಂಡು ನಿನ್ನ ಮದುವೆ ವಿಷಯ ಕೇಳಿದ್ರು. ಆಮೇಲೆ ಕೂಗಿ ಬರೆಸಿದ್ರು. ಹೊದಿಕೆ ಎತ್ಲಿಲ್ಲ."

ನಾನು ನಕ್ಕುಬಿಟ್ಟೆ. "ಅಮ್ಮಾ, ನೋಡದೆ ಹೇಗಮ್ಮ ಹೇಳ್ತಾರೆ? ನಿನಗೆ ಗೊತ್ತಾಗಿರಲ್ಲ, ಅವರ ಕೈ ಅಷ್ಟು ಹಗುರ. ನಾನೇ ಬರೆದಿದೀನಲ್ಲ, ಎಲ್ಲ ನೋಡಿದಾರೆ."

"ಹಾಗಾದ್ರೆ ಸರಿ" ಎಂದಳು ಅಮ್ಮ.

ಆ ಎರಡು ಶಬ್ದ ಈಗಲೂ ಕಿವಿಯಲ್ಲಿವೆ. ವಾದ ಮಾಡಿದ್ದರೆ, ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಮಗಳು ಓದಿದವಳು, ಮಗಳು ಬರೆದಿದ್ದಾಳೆ, ಹಾಗಾದರೆ ಸರಿ.

ಎರಡು ವಾರ ಕಳೆದು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಕ್ಲಿನಿಕ್ಕಿನಲ್ಲಿ ಇನ್ಯಾರದೋ ಫೈಲಿನಲ್ಲಿ ಅದೇ ಸಾಲು ಬರೆಯುತ್ತಿದ್ದಾಗ ಫೋನು ಬಂತು. ನಮ್ಮ ಮೇಲಿನ ಪೋರ್ಷನ್ನಿನ ಹಾವೇರಿಯ ಹುಡುಗಿ.

"ಅಕ್ಕಾರ, ಲಗೂನ ಬರ್ರಿ. ನಿಮ್ಮ ಅವ್ವಾರಿಗೆ ಭಾಳ ಥಂಡಿ ಹತ್ತೇತ್ರಿ, ಮೈ ಕೆಂಡದಂಗ ಸುಡಾಕತ್ತೇತಿ. ಏನೇನೋ ಮಾತಾಡಾಕತ್ತಾರ. ನಾ ಆಂಬುಲೆನ್ಸಿಗೆ ಫೋನ್ ಹಚ್ಚೇನ್ರಿ."

ಆಸ್ಪತ್ರೆಗೆ ನಾನು ಮುಟ್ಟುವ ಹೊತ್ತಿಗೆ ಅಮ್ಮನನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳುತ್ತಿದ್ದರು. ಕೆನ್ನೆ ಬೂದಿ ಬಣ್ಣ. ನನ್ನನ್ನು ನೋಡಿ, ಸತ್ತು ಎಷ್ಟೋ ವರ್ಷವಾದ ತನ್ನ ತಂಗಿಯ ಹೆಸರು ಹಿಡಿದು ಕರೆದಳು. ಮಾನಿಟರಿನಲ್ಲಿ ಬಿಪಿಯ ಮೇಲಿನ ಅಂಕಿ ಎಪ್ಪತ್ತು. ಅದು ಅರವತ್ತೆಂಟಾಗಿದ್ದನ್ನು ನಾನು ನೋಡಿದೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ, ಈಗಲೂ ಆ ಎಪ್ಪತ್ತು ಅರವತ್ತೆಂಟಾಗುತ್ತಲೇ ಇರುತ್ತದೆ.

ಡ್ಯೂಟಿಯಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಜ್ವರ ಎಲ್ಲಿಂದ ಎಂದು ಹುಡುಕುತ್ತ ಪರೀಕ್ಷೆ ಮಾಡಿದರು. ಎರಡು ನಿಮಿಷವೂ ಆಗಿರಲಿಲ್ಲ, ಹೊರಗೆ ಬಂದು ಕೇಳಿದರು: "ಒಳಗೆ ರಿಂಗ್ ಇದೆ. ಬದಲಾಯಿಸಿ ಎಷ್ಟು ವರ್ಷ ಆಯ್ತು?"

"ಯಾವ ರಿಂಗು?"

"ಗರ್ಭಕೋಶ ಜಾರಿದ್ರೆ ಹಾಕ್ತಾರಲ್ಲ, ಅದು. ನಿಮಗೆ ಗೊತ್ತಿಲ್ವಾ?"

"ಇಲ್ಲ... ನಮ್ಮ ಮೇಡಂ ನೋಡಿದ್ದಾರೆ ಡಾಕ್ಟ್ರೇ. ಎರಡು ವಾರದ ಹಿಂದೆ. ಯೀಸ್ಟ್ ಇನ್‌ಫೆಕ್ಷನ್ ಅಂದ್ರು. ಸರ್ವಿಕ್ಸ್ ಹೆಲ್ದಿ."

ಅವರು ನನ್ನನ್ನೇ ನೋಡಿದರು. "ಸರ್ವಿಕ್ಸ್ ಕಾಣೋದೇ ಇಲ್ಲಮ್ಮ. ರಿಂಗಿನ ಮೇಲೆ ಮಾಂಸ ಬೆಳೆದು ಹೂತುಹೋಗಿದೆ. ಸುತ್ತ ಪೂರ್ತಿ ಕೀವು. ಕೋಣೆಗೆ ಕಾಲಿಟ್ಟರೆ ವಾಸನೆ ಬರ್ತಿದೆ. ಇದನ್ನ ಯಾರು ನೋಡಿದ್ದು?"

ಒಪ್ಪಿಗೆ ಪತ್ರ ಮುಂದಿಟ್ಟರು. ಸಹಿ ಮಾಡಿ ಎಂದರು, ಮಾಡಿದೆ. ನಂಜು ರಕ್ತಕ್ಕೆ ಸೇರಿದೆ, ಈಗಲೇ ತೆಗೆಯಬೇಕು, ಏನೂ ಹೇಳೋಕಾಗಲ್ಲ ಎಂದರು. ಬಳೆಯಷ್ಟು ಅಗಲದ ಆ ರಬ್ಬರನ್ನು ತುಂಡು ಮಾಡಿ ಹೊರಗೆ ತೆಗೆದರು. ಐದು ದಿನ ಐಸಿಯು. ಅಮ್ಮ ಬದುಕಿದಳು. ಆದರೆ ರಿಂಗು ಒತ್ತಿ ಒತ್ತಿ ಮೂತ್ರಕೋಶದ ಗೋಡೆಗೆ ತೂತಾಗಿತ್ತು. ಇನ್ನೂ ಒಂದು ಆಪರೇಷನ್ ಆಗಬೇಕು. ಅಲ್ಲಿಯವರೆಗೆ ನಳಿಕೆ, ಚೀಲ.

ವಾರ್ಡಿಗೆ ಬಂದ ಮೇಲೆ ಅಮ್ಮ ಎಲ್ಲ ಹೇಳಿದಳು. ನನ್ನ ತಮ್ಮ ಹುಟ್ಟಿದ ಹದಿನೈದನೇ ದಿನಕ್ಕೆ ಸೊಪ್ಪಿನ ಹೊರೆ ಹೊತ್ತಿದ್ದಳಂತೆ. ಅಂದಿನಿಂದ ಗರ್ಭಕೋಶ ಜಾರಿದೆ. ಆಪರೇಷನ್ನಿಗೆ ಹೆದರಿ ವರ್ಷಗಟ್ಟಲೆ ಹಾಗೇ ಇದ್ದವಳು, ಕೊನೆಗೆ ಮೇಡಂ ಬಳಿ ಹೋದಾಗ ಅವರು ರಿಂಗು ಹಾಕಿದರು. ನಾನು ಅಲ್ಲಿ ಕೆಲಸಕ್ಕೆ ಸೇರುವ ಹಿಂದಿನ ವರ್ಷದ ಮಾತು. ಮಗಳಿಗೆ ಗೊತ್ತಾಗುವುದು ಬೇಡ ಎಂದು ಕೇಳಿಕೊಂಡಿದ್ದಳು. ಮೂರು ನಾಲ್ಕು ತಿಂಗಳಿಗೊಮ್ಮೆ ಅಮ್ಮ ‘ಬಿಪಿ ತೋರಿಸಕ್ಕೆ’ ಬರುತ್ತಿದ್ದಳಲ್ಲ, ಆಗೆಲ್ಲ ಮೇಡಂ ನನ್ನನ್ನು ಏನಾದರೂ ತರಲು ಮೆಡಿಕಲ್ ಶಾಪಿಗೆ ಕಳಿಸುತ್ತಿದ್ದರು. ಅಷ್ಟರಲ್ಲಿ ರಿಂಗು ತೆಗೆದು, ತೊಳೆದು, ನೋಡಿ, ಮತ್ತೆ ಹಾಕುತ್ತಿದ್ದರು. ಕೊರೊನಾ ಬಂದ ಮೇಲೆ ಅದು ನಿಂತೇಹೋಯಿತು.

"ಮತ್ತೆ ಮೂರು ಸಲ ಹೋದಾಗ ಹೇಳ್ಬಾರ್ದಿತ್ತೇನಮ್ಮ?"

"ಹಾಕಿದವರು ಅವರೇ ಅಲ್ವೇನೇ, ಅವರಿಗೆ ಗೊತ್ತಿರಲ್ವಾ? ಲೈಟ್ ಹಾಕಿದ್ರು, ಕಾಣುತ್ತೆ ಅಂದ್ಕೊಂಡೆ. ನೀನು ಪರದೆ ಆಚೆನೇ ಕೂತಿದ್ದೆ. ಬಾಯಿ ಬಿಟ್ಟು ಹೇಗೆ ಹೇಳ್ಲಿ?" ಆಮೇಲೆ ಅಂದಳು, "ಮೇಡಂದು ತಪ್ಪಿಲ್ಲ. ಅವರನ್ನ ಏನೂ ಅನ್ಬೇಡ."

ಮಾರನೇ ದಿನ ಮಧ್ಯಾಹ್ನ ಕ್ಲಿನಿಕ್ಕಿಗೆ ಹೋದೆ. ಮೇಡಂ ಒಬ್ಬರೇ ಇದ್ದರು. ಬಾಗಿಲು ಹಾಕಿದೆ. ಅವರಿಗೆ ವಿಷಯ ಗೊತ್ತಿತ್ತು, ಫೋನಿನಲ್ಲಿ ಹೇಳಿದ್ದೆ. "ಹೇಗಿದ್ದಾಳೆ?" ಎಂದರು. ಪರದೆ ಸರಿಸಿ ಒಳಗೆ ಹೋದೆ. ಹನ್ನೊಂದು ವರ್ಷದಲ್ಲಿ ನಾನು ಕಾಲಿಡದ ಜಾಗ. ಗುಡಿಸುವವರು ಗುಡಿಸುತ್ತಿದ್ದರು, ನಾನು ಟ್ರೇ ತಳ್ಳುತ್ತಿದ್ದೆ, ಅಷ್ಟೆ. ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಪ್ಲಾಸ್ಟಿಕ್ಕಿನ ಸ್ಪೆಕ್ಯುಲಮ್ಮುಗಳು ಪ್ಯಾಕೆಟ್ಟಿನಲ್ಲಿ ಜೋಡಿಸಿದಂತೇ ಇದ್ದವು. ಮೇಲಿನ ಸಾಲಿನಲ್ಲಿ ನಾಲ್ಕೈದು ಮಾತ್ರ ಇರಲಿಲ್ಲ. ಅದು ನಾಲ್ಕು ವರ್ಷದ ಹಿಂದೆ ಬಂದ ಪೆಟ್ಟಿಗೆ.

ಹೊರಗೆ ಬಂದು, "ಅಮ್ಮನ ಕಾರ್ಡ್ ತೆಗೀರಿ ಮೇಡಂ" ಅಂದೆ.

ಡ್ರಾಯರಿನ ಬೀಗ ತೆಗೆಯಲು ಅವರಿಗೆ ಆಗಲಿಲ್ಲ. ಕೀಲಿ ಬೀಗದ ಸುತ್ತ ಕಟಕಟ ಅಂದಿತು. ಬಲಗೈ ನಡುಗುತ್ತಿತ್ತು, ಅದನ್ನು ಹಿಡಿಯಲು ಬಂದ ಎಡಗೈಯೂ ನಡುಗುತ್ತಿತ್ತು. ಕೀಲಿ ಇಸಿದುಕೊಂಡು ನಾನೇ ತೆಗೆದೆ. ಅಮ್ಮನ ಕಾರ್ಡಿನಲ್ಲಿ ಅವರ ದುಂಡನೆಯ ಹಳೆಯ ಅಕ್ಷರದಲ್ಲಿ ಪ್ರತಿ ಸಲದ ತಾರೀಖು, ರಿಂಗು ಬದಲಿಸಿದ ವಿವರ, ‘ಒಳಗೆ ಹುಣ್ಣಿಲ್ಲ’ ಎಂಬ ಷರಾ. ಕೊನೆಯ ತಾರೀಖು ಲಾಕ್‌ಡೌನಿಗೆ ಹಿಂದಿನ ತಿಂಗಳದು. ಕೆಳಗೆ ಖಾಲಿ.

"ಯಾವಾಗಿಂದ ಮೇಡಂ?"

"ಕೈನಾ?" ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು. "ಕೊರೊನಾಗೂ ಮುಂಚೆನೇ ಶುರುವಾಗಿತ್ತು. ಆಮೇಲೆ ಜಾಸ್ತಿ ಆಯ್ತು. ಒಂದ್ಸಲ ಸ್ಪೆಕ್ಯುಲಮ್ ಹಾಕುವಾಗ ಒಬ್ಬಳಿಗೆ ಗೀರಿಬಿಡ್ತು, ಕಿರುಚಿಕೊಂಡಳು. ಅವತ್ತಿಂದ ಧೈರ್ಯ ಬರಲಿಲ್ಲ."

"ಕೈಯಷ್ಟೇ ಅಲ್ವಾ ಮೇಡಂ ಹೋಗಿದ್ದು? ಹೊದಿಕೆ ಎತ್ತಿ ಕಣ್ಣಲ್ಲಿ ನೋಡ್ಬಹುದಿತ್ತು. ಬೇರೆಯವರ ಹತ್ರ ಹೋಗಿ ಅಂತ ಬಾಯಲ್ಲಿ ಹೇಳ್ಬಹುದಿತ್ತು."

"ಕಳಿಸಿದ್ರೆ ಯಾಕೆ ಅಂತ ಕೇಳ್ತಿದ್ರು." ಕಿಟಕಿಯ ಕಡೆ ನೋಡುತ್ತ ಹೇಳಿದರು. "ನಿಮ್ಮಮ್ಮನ ರಿಂಗು ಮರೆತೇಬಿಟ್ಟಿದ್ದೆ, ಕಾರ್ಡ್ ತೆಗೆದು ನೋಡ್ಲಿಲ್ಲ. ನಲವತ್ತು ವರ್ಷದ ಅನುಭವ ಕಣಮ್ಮ. ಹೇಳಿದ್ದು ಕೇಳಿದ್ರೆ ಹತ್ತರಲ್ಲಿ ಒಂಬತ್ತು ಯೀಸ್ಟೇ ಇರುತ್ತೆ. ವಾಸಿನೂ ಆಗ್ತಿತ್ತು."

"ಹತ್ತನೆಯವಳು ನಮ್ಮಮ್ಮ."

ಅವರು ಅತ್ತಿದ್ದರೆ ನಾನೂ ಅಳುತ್ತಿದ್ದೆನೇನೋ. ಅಳಲಿಲ್ಲ. ಆ ದೊಡ್ಡ ಧ್ವನಿಯನ್ನು ತಗ್ಗಿಸಿ ಕೇಳಿದರು: "ಫೈಲಿನಲ್ಲಿ ಏನಂತಿದೆ?"

"ನೋಡಿದೀರಿ ಅಂತಿದೆ. ಮೂರು ಸಲವೂ."

"ಬರಹ ಯಾರದು?"

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಬರಹ ನಿಂದು ಅಲ್ವೇನಮ್ಮ? ಪ್ರತಿಯೊಂದರಲ್ಲೂ. ಯಾರಾದ್ರೂ ಕೇಳಿದ್ರೆ ಇಬ್ಬರನ್ನೂ ಕೇಳ್ತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ನನ್ನನ್ನು ಹೆದರಿಸಲು ಹೇಳಿದರೋ, ತಾವೇ ಹೆದರಿ ಹೇಳಿದರೋ ತಿಳಿಯದು. ನಡುಗುವ ಕೈಯನ್ನು ಕ್ಷಮಿಸಬಲ್ಲೆ. ನನಗೂ ನಾಳೆ ಬರಬಹುದು. ನಾಚಿಕೆಯನ್ನೂ ಅರ್ಥ ಮಾಡಿಕೊಳ್ಳಬಲ್ಲೆ, ಮಂಚದ ಮೇಲೆ ಮಲಗಿದ ಪ್ರತಿಯೊಬ್ಬಳಿಗೂ ಅದಿತ್ತು. ಆದರೆ ಕಂಡದ್ದು ಮಾತ್ರ ಹೇಳು ಎಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಕಲಿಸಿದವರು, ಕಾಣದ್ದನ್ನು ನನ್ನ ಕೈಯಲ್ಲೇ ಬರೆಸಿ, ಕೊನೆಗೆ ಆ ಕೈಯನ್ನು ನನಗೇ ತೋರಿಸಿದರಲ್ಲ, ಅದು ಇಳಿಯುತ್ತಿಲ್ಲ. ಇಷ್ಟಾಗಿಯೂ ಬಾಗಿಲು ತೆಗೆದು ಹೊರಡುವಾಗ, ದಿನಾ ಕೇಳುವ ಹಾಗೆ, ಮಧ್ಯಾಹ್ನದ ಮಾತ್ರೆ ತಗೊಂಡ್ರಾ ಮೇಡಂ ಎಂದು ಕೇಳಲು ನನ್ನ ಬಾಯಿ ತೆರೆದಿತ್ತು. ಕೇಳಲಿಲ್ಲ.

ಆ ವಾರವೇ ಅವರು ಪ್ರಾಕ್ಟೀಸ್ ನಿಲ್ಲಿಸುವುದಾಗಿ ಎಲ್ಲರಿಗೂ ಹೇಳಿದರು. ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದರಂತೆ. ಜನ ಕಣ್ಣೀರು ಹಾಕಿದರು. ಸನ್ಮಾನದ ಓಡಾಟ ಶುರುವಾದದ್ದು ಆಗ. ದೂರು ಕೊಡಬೇಕೆಂದು ತಮ್ಮ ಕುಣಿಯುತ್ತಿದ್ದಾನೆ, ಬೇಡ ಎಂದು ಅಮ್ಮ ಊಟ ಬಿಡುತ್ತಾಳೆ. ದೂರಿನ ಕಾಗದ ಬರೆದಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಅವರ ಹೆಸರಿದೆ, ಎರಡನೆಯದರಲ್ಲಿ ನನ್ನದು. ಅಮ್ಮನ ಎರಡನೇ ಆಪರೇಷನ್ ಮುಗಿದ ದಿನ ಅಂಚೆಗೆ ಹಾಕುತ್ತೇನೆ, ಅವಳು ಏನೇ ಅನ್ನಲಿ.

ಅದಕ್ಕಿಂತ ಮೊದಲಿನ ಕೆಲಸ ಒಂದಿದೆ, ಈಗ ದಿನಾ ಅದನ್ನೇ ಮಾಡುತ್ತಿದ್ದೇನೆ. ಕ್ಲಿನಿಕ್ಕಿನ ಫೈಲುಗಳನ್ನು ಮುಂದಿಟ್ಟುಕೊಂಡು, ಮುಟ್ಟು ನಿಂತವರು, ಒಂದಕ್ಕಿಂತ ಹೆಚ್ಚು ಸಲ ಬಂದವರು, ನಾನು ಆ ಸಾಲು ಬರೆದವರು, ಇವರನ್ನೆಲ್ಲ ಆರಿಸಿ ಫೋನ್ ಮಾಡುತ್ತೇನೆ. ಮೇಡಂ ಫೈಲು ಕೊಡುವುದಿಲ್ಲ ಎನ್ನಲಿಲ್ಲ. ಕೆಲವರು ಆಗಲಿ ಎನ್ನುತ್ತಾರೆ. ಕೆಲವರು, ಆ ದೇವತೆಯಂಥವರ ಮೇಲೆ ಹೀಗೆ ಹೇಳಲು ನಿನಗೆ ಎಷ್ಟು ಕೊಬ್ಬು ಎಂದು ಬೈದು ಫೋನ್ ಇಡುತ್ತಾರೆ. ಬೈದವರಿಗೆ ಮಾರನೇ ದಿನ ಮತ್ತೆ ಮಾಡುತ್ತೇನೆ.

ನಿನ್ನೆ ಸಿದ್ದಾಪುರದ ಒಬ್ಬರು ಸಿಕ್ಕಿದರು. ಹೂವಿನ ಅಂಗಡಿಯವರು, ಐವತ್ತರ ಮೇಲೆ. ಎರಡು ಸಲ ಬಂದಿದ್ದವರು.

"ತೋರಿಸ್ಕೊಂಡಿದೀನಲ್ಲಮ್ಮ. ಎಲ್ಲಾ ಸರಿಯಿದೆ ಅಂತ ನೀವೇ ಚೀಟಿ ಕೊಟ್ರಿ. ಮೇಡಂ ನೋಡಿದಾರೆ."

"ಇಲ್ಲ ಅಕ್ಕ. ನೋಡಿಲ್ಲ."

"ನಿಮಗೆ ಹೇಗೆ ಗೊತ್ತು? ನೀವು ಆಚೆ ಕೂತಿದ್ರಿ."

"ಹೌದಕ್ಕ. ಆಚೆ ಕೂತ್ಕೊಂಡೇ ಬರೆದೆ. ಅವರು ಹೇಳಿದ್ರು, ನಾನು ಬರೆದೆ. ನಿಮ್ಮನ್ನ ಯಾರೂ ನೋಡಿಲ್ಲ."

ಅಂಗಡಿಯ ಮುಂದೆ ಯಾರೋ ಸೇವಂತಿಗೆ ಮೊಳಕ್ಕೆಷ್ಟು ಎಂದು ಕೇಳುತ್ತಿದ್ದರು. ಅವರು ಫೋನು ಹಿಡಿದು ಒಳಗೆ ಸರಿದಂತಾಯಿತು. ಆಮೇಲೆ ಬಂದ ಧ್ವನಿ ಬಹಳ ಸಣ್ಣದು.

"ನನಗೆ ಗೊತ್ತಿತ್ತು ಕಣಮ್ಮ, ಅವರು ನೋಡ್ಲಿಲ್ಲ ಅಂತ. ಆದ್ರೆ ಚೀಟಿಲಿ ಬರೆದಿತ್ತಲ್ಲ, ನನಗೇ ಏನೋ ಭ್ರಮೆ ಅಂದ್ಕೊಂಡೆ." ತಡೆದು ಕೇಳಿದರು: "ಈಗ ಸ್ವಲ್ಪ ರಕ್ತ ಕಾಣಿಸ್ಕೊಳ್ತಿದೆ. ಎಲ್ಲಿಗೆ ಹೋಗ್ಲಿ?"

"ನಾಳೆ ಹತ್ತು ಗಂಟೆಗೆ ರೆಡಿಯಾಗಿರಿ ಅಕ್ಕ. ನಾನು ಬಂದು ಕರ್ಕೊಂಡು ಹೋಗ್ತೀನಿ" ಅಂದೆ.